ಕಾಯಿಸಿದ ನೀರು ‘ಶುದ್ಧ’ ಅಂತೀವಲ್ಲ, ಯಾವುದರಿಂದ ಶುದ್ಧ?

ಸಿಂಧನೂರು ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೈಸ್ಕೂಲು ವಿಜ್ಞಾನ ಮೇಷ್ಟ್ರು. ಹೋದ ವಾರ ಒಂಬತ್ತನೇ ತರಗತಿಯಲ್ಲಿ ನಡೆದದ್ದು ತಲೆಯಿಂದ ಹೋಗುತ್ತಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇರೋದು ನಿಮಗೆಲ್ಲ ಗೊತ್ತು. ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. “ನೀರು ಕಾಯಿಸಿ ಕುಡಿದರೆ ಫ್ಲೋರೈಡ್ ಹೋಗುತ್ತಾ?” ಅಂತ ಕೇಳಿದೆ. ಮೂರ್ನಾಲ್ಕು ಮಕ್ಕಳನ್ನು ಬಿಟ್ಟು ಎಲ್ಲರೂ ಕೈ ಎತ್ತಿದರು. ಯಾಕೆ ಅಂದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಹೇಳಿದಳು: “ಸರ್, ಕಾಯಿಸಿದರೆ ನೀರು ಶುದ್ಧ ಆಗುತ್ತೆ. ಶುದ್ಧ ನೀರಲ್ಲಿ ಫ್ಲೋರೈಡ್ ಇರಲ್ಲ. ಅಂದ ಮೇಲೆ ಕಾಯಿಸಿದ ನೀರಲ್ಲಿ ಫ್ಲೋರೈಡ್ ಇರಲ್ಲ.”

ನನಗೆ ಒಂದು ನಿಮಿಷ ಮಾತೇ ಬರಲಿಲ್ಲ. ಆ ಹುಡುಗಿ ಹೆಜ್ಜೆ ಮೇಲೆ ಹೆಜ್ಜೆ ಸರಿಯಾಗಿಯೇ ಇಟ್ಟಿದ್ದಾಳೆ. ಮೊದಲ ಮಾತು ನಾವೇ ಕಲಿಸಿದ್ದು, ಎರಡನೆಯದೂ ನಾವೇ ಕಲಿಸಿದ್ದು. ಜಾರಿದ್ದು ‘ಶುದ್ಧ’ ಅನ್ನೋ ಪದ. ಮೊದಲ ಸಲ ಅದರ ಅರ್ಥ ‘ರೋಗದ ಕ್ರಿಮಿ ಸತ್ತಿವೆ’ ಅಂತ. ಎರಡನೇ ಸಲ ಅದರ ಅರ್ಥ ‘ಬೇಡದ ಲವಣ ಇಲ್ಲ’ ಅಂತ. ಪದ ಒಂದೇ, ಅರ್ಥ ಎರಡು, ಮಧ್ಯದಲ್ಲಿ ಯಾರೂ ಗಮನಿಸಲಿಲ್ಲ.

ಮರುದಿನ ಸ್ಟವ್ ಒಯ್ದೆ. ಸ್ಟೀಲ್ ಪಾತ್ರೆಯಲ್ಲಿ ಒಂದು ಲೀಟರ್ ನೀರು, ಎರಡು ಚಮಚ ಉಪ್ಪು. ಎಲ್ಲರಿಗೂ ಅಂಗೈ ಮೇಲೆ ಒಂದು ಹನಿ ಹಾಕಿ ರುಚಿ ನೋಡಿಸಿದೆ. ಆಮೇಲೆ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಆರಿಸಿ, ಮತ್ತೆ ಒಂದು ಹನಿ. “ಸರ್, ಉಪ್ಪು ಜಾಸ್ತಿ ಆಗಿದೆ!” ಅಂದರು. ಉಳಿದದ್ದನ್ನು ಪೂರ್ತಿ ಬತ್ತಿಸಿದಾಗ ಪಾತ್ರೆಯ ತಳದಲ್ಲಿ ಬಿಳಿ ಬಳೆ ಹಾಗೆ ಉಪ್ಪು ಕೂತಿತ್ತು. ಅದೇ ಹುಡುಗಿ ಬೆರಳಿಂದ ಕೆರೆದು ನೋಡಿ, “ಹಂಗಾದ್ರೆ ಕಾಯಿಸಿದಷ್ಟೂ ಫ್ಲೋರೈಡ್ ಗಟ್ಟಿ ಆಗುತ್ತಾ ಸರ್?” ಅಂದಳು. ಹೌದು, ಹಾಗೇ ಆಗೋದು.

ನನ್ನ ಪ್ರಶ್ನೆ: ಪದವನ್ನು ಬಿಗಿಯಾಗಿ ಹಿಡಿಯದೆ ನಾವು ವಿಜ್ಞಾನ ಕಲಿಸುತ್ತಿದ್ದೇವಾ? ನಿಮಗೂ ಇಂಥ ಜಾರುವ ಪದಗಳು ಸಿಕ್ಕಿದ್ದರೆ ಹೇಳಿ. ಮಕ್ಕಳ ಮುಂದೆ ಇಡಬೇಕು.

ಲಿಂಗಸುಗೂರು ಅಮ್ಮ
ನಾನು ಹತ್ತು ವರ್ಷದಿಂದ ಕಾಯಿಸಿಯೇ ಕುಡಿಸುತ್ತಿದ್ದೇನೆ ಸರ್, ಫ್ಲೋರೈಡ್ ಹೋಗಲಿ ಅಂತಲೇ. ಇವತ್ತು ಗೊತ್ತಾಯ್ತು.

ಸಿಂಧನೂರು ಮೇಷ್ಟ್ರು
ಅಮ್ಮಾ, ಕಾಯಿಸೋದು ನಿಲ್ಲಿಸಬೇಡಿ. ವಾಂತಿಭೇದಿಯ ಕ್ರಿಮಿಗೆ ಅದು ಒಳ್ಳೆಯದೇ. ಫ್ಲೋರೈಡಿಗೆ ಬೇರೆ ದಾರಿ ನೋಡಬೇಕು ಅಷ್ಟೆ.

ಬೆಂಗಳೂರಲ್ಲಿರೋ ಕೊಪ್ಪಳದವ
ಇದಕ್ಕೇ ನಾನು ಹೇಳೋದು, ವಿಜ್ಞಾನ ಇಂಗ್ಲಿಷಿನಲ್ಲೇ ಕಲಿಸಬೇಕು. ಕನ್ನಡದಲ್ಲಿ ‘ಶಕ್ತಿ’ ಅಂದರೆ ದೇವಿಯೂ ಹೌದು, ತಾಕತ್ತೂ ಹೌದು, ಕರೆಂಟೂ ಹೌದು. ಪಿಯುಸಿಗೆ ಬಂದಾಗ ಬಲ, ಶಕ್ತಿ, ಸಾಮರ್ಥ್ಯ ಮೂರೂ ನನಗೆ ಒಂದೇ ಆಗಿದ್ದವು. ಒಂದು ವರ್ಷ ಒದ್ದಾಡಿದ್ದೇನೆ. ನನ್ನ ಮಕ್ಕಳಿಗೆ ಆ ಕಷ್ಟ ಬೇಡ.

ಹಟ್ಟಿ ನಿವೃತ್ತ
ತಮ್ಮಾ, ನೀನು ಒದ್ದಾಡಿದ್ದು ನಿಜ. ಕಾರಣ ಮಾತ್ರ ಬೇರೆ. ‘ಪ್ಯೂರ್’ ಅನ್ನೋ ಇಂಗ್ಲಿಷ್ ಪದವೂ ಹೀಗೇ ಜಾರುತ್ತದೆ. ಪ್ಯೂರ್ ತುಪ್ಪ, ಪ್ಯೂರ್ ವಾಟರ್, ಪ್ಯೂರ್ ವೆಜ್. ಎಲ್ಲಾದರೂ ಒಂದೇ ಅರ್ಥ ಇದೆಯಾ?

ನಾನು ಗಣಿಯಲ್ಲಿ ಕೆಲಸ ಮಾಡಿದವನು. ಅಲ್ಲಿ ಚಿನ್ನ ‘ಶುದ್ಧ’ ಅಂತ ಯಾರೂ ಸುಮ್ನೆ ಹೇಳುತ್ತಿರಲಿಲ್ಲ. ಸಾವಿರಕ್ಕೆ ಎಷ್ಟು ಅಂತ ಕೇಳುತ್ತಿದ್ದರು. ಅಕ್ಕಸಾಲಿಗರೂ 22 ಕ್ಯಾರಟ್ಟೋ 24ಓ ಅಂತ ಕೇಳುತ್ತಾರೆ. 22 ಕ್ಯಾರಟ್ ಅಂದರೆ 24 ಪಾಲಿನಲ್ಲಿ 22 ಪಾಲು ಚಿನ್ನ. ದುಡ್ಡಿನ ವಿಷಯ ಬಂದಾಗ ನಮ್ಮ ಜನ ಎಷ್ಟು ಬಿಗಿಯಾಗಿ ಮಾತಾಡುತ್ತಾರೆ ನೋಡಿ. ಅದೇ ಕನ್ನಡ, ಅದೇ ಜನ.

ಬೆಂಗಳೂರಲ್ಲಿರೋ ಕೊಪ್ಪಳದವ
ಚಿನ್ನದ ಮಾತು ಒಪ್ಪಿದೆ ಸರ್. ಆದರೆ ಪಠ್ಯಪುಸ್ತಕದ ಕನ್ನಡ? ‘ದ್ಯುತಿಸಂಶ್ಲೇಷಣೆ’, ‘ವೇಗೋತ್ಕರ್ಷ’. ಯಾರ ಮನೆಯಲ್ಲಿ ಈ ಮಾತು ಆಡುತ್ತಾರೆ? ಮಗು ಅದನ್ನು ಬಾಯಿಪಾಠ ಮಾಡುತ್ತೆ, ಅರ್ಥ ಮಾಡಿಕೊಳ್ಳಲ್ಲ.

ಜೀವಶಾಸ್ತ್ರ ಕೊಪ್ಪಳ
ಬಾಯಿಪಾಠ ಇಂಗ್ಲಿಷ್ ಮೀಡಿಯಂನಲ್ಲಿ ಇನ್ನೂ ಜಾಸ್ತಿ. ಹದಿನೆಂಟು ವರ್ಷದಿಂದ ಪಿಯುಸಿಗೆ ಪಾಠ ಮಾಡುತ್ತಿದ್ದೇನೆ, ಎರಡೂ ಕಡೆಯ ಮಕ್ಕಳನ್ನು ನೋಡಿದ್ದೇನೆ. ‘ಫೋಟೋಸಿಂಥೆಸಿಸ್’ ಅಂತ ಸ್ಪೆಲ್ಲಿಂಗ್ ಸಮೇತ ಬರೆಯುವ ಹುಡುಗನಿಗೆ, ಬೇವಿನ ಮರದ ಅಷ್ಟು ದೊಡ್ಡ ಬೊಡ್ಡೆ ಎಲ್ಲಿಂದ ಬಂತು ಅಂತ ಕೇಳಿ. “ಮಣ್ಣಿನಿಂದ” ಅಂತಾನೆ. ಅದರ ಹೆಚ್ಚಿನ ಪಾಲು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದ ಮತ್ತು ನೀರಿನಿಂದ ಬಂದದ್ದು. ಪದ ಗೊತ್ತು, ಸಂಗತಿ ಗೊತ್ತಿಲ್ಲ.

ನಾನು ಪದ ಹೇಳುವುದನ್ನೇ ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು “ಎಲೆ ಬಿಸಿಲಲ್ಲಿ ಅಡುಗೆ ಮಾಡುತ್ತೆ, ಗಾಳಿಯಿಂದ ಇದನ್ನು ತಗೊಳ್ಳುತ್ತೆ, ಬೇರಿನಿಂದ ಅದನ್ನು ತಗೊಳ್ಳುತ್ತೆ” ಅಂತ ಪೂರ್ತಿ ಮಾತಾಡಿ, ಪ್ರಶ್ನೆ ಕೇಳಿ, ಆಮೇಲೆ ಇದಕ್ಕೆ ಹೆಸರು ಇದು ಅಂತ ಹೇಳೋದು. ಆಗ ಆ ಉದ್ದದ ಪದವೂ ಮಕ್ಕಳಿಗೆ ಭಾರ ಅನಿಸಲ್ಲ.

ತುಂಗೆ ದಂಡೆ
ಮೇಡಂ, ಬೇವಿನ ಮರದ ಮಾತು ನನಗೂ ಹೊಸದು. ನಲವತ್ತು ದಾಟಿದೆ ನನಗೆ.

ಹಟ್ಟಿ ನಿವೃತ್ತ
ಇಂಗ್ಲಿಷಿನ ಬಗ್ಗೆ ಇನ್ನೊಂದು ಮಾತು. ‘ಆಕ್ಸಿಜನ್’ ಅನ್ನೋ ಹೆಸರೇ ಒಂದು ತಪ್ಪಿನಿಂದ ಹುಟ್ಟಿದ್ದು. ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೆ ಆ ಹೆಸರು ಇಟ್ಟಾಗ, ಎಲ್ಲ ಆಮ್ಲಗಳಲ್ಲೂ ಈ ಅನಿಲ ಇರಲೇಬೇಕು ಅಂತ ನಂಬಿದ್ದ. ಗ್ರೀಕ್ ಮಾತಿನಿಂದ ‘ಆಮ್ಲ ಹುಟ್ಟಿಸುವುದು’ ಅಂತ ಹೆಸರಿಟ್ಟ. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಕ್ಲೋರಿನ್ ಒಂದು ಮೂಲವಸ್ತು, ಅದರಲ್ಲಿ ಆಕ್ಸಿಜನ್ ಸೇರಿಲ್ಲ ಅಂತ ಸಾರಿದ. ಅಂದರೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲ ಅಂತಾಯ್ತು. ಹೆಸರು ಮಾತ್ರ ಉಳಿಯಿತು. ನಾವು ಅದನ್ನೇ ಕನ್ನಡ ಮಾಡಿ ‘ಆಮ್ಲಜನಕ’ ಅಂದೆವು, ತಪ್ಪನ್ನೂ ಜೊತೆಗೇ ತಂದೆವು.

ಅದೇ ಲವಾಸಿಯೆ, ವಿಜ್ಞಾನ ಸುಧಾರಿಸಬೇಕಾದರೆ ಅದರ ಭಾಷೆಯೂ ಸುಧಾರಿಸಬೇಕು ಅಂತ ಹಟ ಹಿಡಿದು ರಸಾಯನಶಾಸ್ತ್ರದ ಹೆಸರುಗಳನ್ನೆಲ್ಲ 1787ರಲ್ಲಿ ಗೆಳೆಯರ ಜೊತೆ ಕೂತು ಹೊಸದಾಗಿ ಕಟ್ಟಿದವನು. ಅಷ್ಟು ಜಾಗ್ರತೆಯವನ ಕೈಯಲ್ಲೂ ಒಂದು ಪದ ಜಾರಿತು. ಹಾಗಾಗಿ ಯಾವ ಭಾಷೆಯನ್ನೂ ಬೈಯಬೇಡಿ.

ಕಾರಟಗಿ ಭತ್ತದವ
ನನ್ನ ಕಡೆಯಿಂದ ಒಂದು ಪದ: ‘ಔಷಧ’. ನಮ್ಮಲ್ಲಿ ಭತ್ತಕ್ಕೆ ಹೊಡೆಯೋದನ್ನು ಔಷಧ ಅಂತೀವಿ, ಇಲ್ಲ ಎಣ್ಣೆ ಅಂತೀವಿ. “ಎಣ್ಣೆ ಹೊಡೆದು ಬಂದೆ” ಅಂತೀವಿ. ವಿಷ ಹೊಡೆದು ಬಂದೆ ಅಂತ ಯಾರೂ ಹೇಳಲ್ಲ. ನಮ್ಮ ಓಣಿಯ ಹುಡುಗ ಒಬ್ಬ ಬರಿಗೈಯಲ್ಲೇ ಡಬ್ಬಿಯ ಔಷಧ ಕಲಸುತ್ತಿದ್ದ. ಗವಸು ಹಾಕಿಕೋ ಅಂದರೆ, “ಔಷಧ ತಾನೇ ಕಾಕಾ, ಏನಾಗಲ್ಲ” ಅಂದ. ಆ ‘ತಾನೇ’ ಕೇಳಿ ನನಗೆ ಹೊಟ್ಟೆಯಲ್ಲಿ ಸಂಕಟ ಆಯ್ತು.

ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಅಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಅಂದರೆ ವಿಷ ಕಡಿಮೆ ಅಂತ, ವಿಷ ಇಲ್ಲ ಅಂತ ಅಲ್ಲ. ಆದರೆ ಜನ ತಿಂಡಿ ಪೊಟ್ಟಣದ ಹಸಿರು ಚುಕ್ಕೆ ನೋಡಿ ರೂಢಿ ಆದವರು. ಹಸಿರು ನೋಡಿದ ತಕ್ಷಣ ಒಳ್ಳೆಯದು ಅಂದುಕೊಳ್ಳುತ್ತಾರೆ. ಬಣ್ಣವೂ ಒಂದು ಪದವೇ ಅಲ್ವಾ?

ಸಿಂಧನೂರು ಮೇಷ್ಟ್ರು
ಬಣ್ಣವೂ ಪದವೇ. ಇದನ್ನು ನಾಳೆಯೇ ಹೇಳುತ್ತೇನೆ ಅಣ್ಣಾ. ಅರ್ಧ ಮಕ್ಕಳು ರಜೆಯಲ್ಲಿ ಗದ್ದೆಗೆ ಹೋಗುವವರೇ.

ಕೃಷಿ ವಿದ್ಯಾರ್ಥಿ ರಾಯಚೂರು
ಹೊಲದ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನಮ್ಮಪ್ಪ ಎರಡು ವರ್ಷ ಎರಡು ಎಕರೆಗೆ ಜಿಪ್ಸಂ (ಕ್ಯಾಲ್ಸಿಯಂ ಇರುವ ಖನಿಜದ ಪುಡಿ) ಹಾಕಿದರು. ಯಾರೋ ‘ಸವಳು ಭೂಮಿಗೆ ಜಿಪ್ಸಂ’ ಅಂದಿದ್ದರು. ಕಾಲುವೆ ಕೆಳಗಿನ ಹೊಲ, ಬೇಸಿಗೆಯಲ್ಲಿ ಮೇಲೆಲ್ಲ ಬಿಳಿ ಪುಡಿ. ನಾನು ಕೃಷಿ ವಿಶ್ವವಿದ್ಯಾಲಯ ಸೇರಿದ ಮೇಲೆ ಮಣ್ಣು ಪರೀಕ್ಷೆ ಮಾಡಿಸಿದೆ. ಅದು ಲವಣ ಜಾಸ್ತಿಯಾದ ಮಣ್ಣು, ಕ್ಷಾರ ಮಣ್ಣಲ್ಲ. ಇವೆರಡೂ ಬೇರೆ ಬೇರೆ ಕಾಯಿಲೆ.

ಕ್ಷಾರ ಮಣ್ಣಿನಲ್ಲಿ ಸೋಡಿಯಂ ಜೇಡಿಗೆ ಅಂಟಿಕೊಂಡಿರುತ್ತದೆ, ಪಿಎಚ್ 8.5ಕ್ಕಿಂತ ಮೇಲೆ ಹೋಗುತ್ತದೆ, ನೀರು ಇಂಗುವುದೇ ಇಲ್ಲ. ಅಲ್ಲಿ ಜಿಪ್ಸಂನ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ಬಿಡಿಸುತ್ತದೆ. ಲವಣದ ಮಣ್ಣಿನಲ್ಲಿ ಹಾಗಲ್ಲ, ನೀರಲ್ಲಿ ಕರಗುವ ಉಪ್ಪೇ ಜಾಸ್ತಿ ಇರುತ್ತದೆ. ಅದಕ್ಕೆ ಬಸಿಗಾಲುವೆ ತೆಗೆದು ಒಳ್ಳೆ ನೀರು ನಿಲ್ಲಿಸಿ ಉಪ್ಪನ್ನು ತೊಳೆದು ಕಳಿಸಬೇಕು. ಜಿಪ್ಸಂ ಹಾಕಿದರೆ ದುಡ್ಡು ದಂಡ. ಊರಲ್ಲಿ ಎರಡಕ್ಕೂ ‘ಸವಳು’ ಅಂತಲೇ ಹೆಸರು. ಗಂಗಾವತಿಯ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆಯೇ ಎಷ್ಟೋ ವರ್ಷದಿಂದ ಕೆಲಸ ನಡೆದಿದೆ. ಅದು ನಮ್ಮಪ್ಪನ ಕಿವಿಗೆ ಬಂದಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಎರಿಭೂಮಿ
ನಿಮ್ಮಪ್ಪನ ತಲೆಮಾರಿನವರು ಸವಳು, ಜವಳು ಅಂತ ಎರಡು ಪದ ಬಳಸುತ್ತಿದ್ದರು ತಮ್ಮಾ. ಉಪ್ಪು ಬಂದದ್ದು ಸವಳು, ನೀರು ನಿಂತು ಕೆಟ್ಟದ್ದು ಜವಳು. ಎರಿ ಅಂದರೆ ಕಪ್ಪು ಮಣ್ಣು ಬೇರೆ, ಮಸಾರಿ ಅಂದರೆ ಕೆಂಪು ಮಣ್ಣು ಬೇರೆ. ಹೊಲದವರಿಗೆ ಪದ ಇಲ್ಲ ಅಂತ ತಿಳಿಯಬೇಡ.

ಕೃಷಿ ವಿದ್ಯಾರ್ಥಿ ರಾಯಚೂರು
ಇಲ್ಲ ಅಂತ ಹೇಳಿಲ್ಲ ಕಾಕಾ. ಆ ಎರಡು ಪದ ನಿಜವಾಗಿಯೂ ಉಪಯೋಗದವು. ಕಣ್ಣಿಗೆ ಕಾಣುವ ವ್ಯತ್ಯಾಸಕ್ಕೆ ನಮ್ಮವರು ಪದ ಮಾಡಿಕೊಂಡರು. ಲವಣ, ಕ್ಷಾರದ ವ್ಯತ್ಯಾಸ ಬರಿಗಣ್ಣಿಗೆ ಅಷ್ಟು ಸುಲಭವಾಗಿ ಸಿಗಲ್ಲ, ಅಳೆಯಬೇಕು. ಅಳೆದ ಮೇಲೆ ಅದಕ್ಕೂ ಒಂದು ಊರ ಪದ ಬೇಕಲ್ವಾ?

ಎರಿಭೂಮಿ
ಅದು ಸರಿ.

ಕುಷ್ಟಗಿ ನರ್ಸಕ್ಕ
ಆಸ್ಪತ್ರೆ ಕಡೆಯ ಪದ ನಾನು ಕೊಡುತ್ತೇನೆ. ‘ಸಕ್ಕರೆ ಕಾಯಿಲೆ’. ಈ ಹೆಸರಿನಿಂದ ಎಷ್ಟು ತೊಂದರೆ ಆಗಿದೆ ಅಂತ ಹೇಳಿ ಮುಗಿಯಲ್ಲ. “ಸಕ್ಕರೆ ಬಿಟ್ಟಿದ್ದೇನೆ ಸಿಸ್ಟರ್, ಆದರೂ ಯಾಕೆ ಕಡಿಮೆ ಆಗಿಲ್ಲ?” ಅಂತ ಬರುತ್ತಾರೆ. ಏನು ಊಟ ಅಂದರೆ ಮೂರು ಹೊತ್ತೂ ಅನ್ನ, ಚಹಾಕ್ಕೆ ಬೆಲ್ಲ. “ಬೆಲ್ಲ ಸಕ್ಕರೆ ಅಲ್ವಲ್ಲ.” ಅನ್ನ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತದೆ ಅಂತ ಹೇಳಿದರೆ, ಅನ್ನ ಸಿಹಿ ಇಲ್ಲವಲ್ಲ ಅಂತಾರೆ. ಅವರ ದೃಷ್ಟಿಯಲ್ಲಿ ಅದು ಸರಿಯೇ. ಕಾಯಿಲೆಯ ಹೆಸರೇ ಅವರಿಗೆ ದಾರಿ ತೋರಿಸಿದ್ದು.

ಈಗ ನಾನು ಒಂದು ತುತ್ತು ಬಿಳಿ ಅನ್ನ ಕೊಟ್ಟು, ನುಂಗದೆ ಎರಡು ನಿಮಿಷ ಅಗಿಯಿರಿ ಅಂತೀನಿ. ಸ್ವಲ್ಪ ಹೊತ್ತಿಗೆ ಬಾಯಲ್ಲಿ ಸಿಹಿ ಬರುತ್ತೆ. ಎಂಜಲಿಗೆ ಪಿಷ್ಟವನ್ನು ಒಡೆಯುವ ಗುಣ ಇದೆ. ಮುಖದಲ್ಲಿ ಆ ಆಶ್ಚರ್ಯ ನೋಡಬೇಕು. ಆಮೇಲೆ ಮಾತೇ ಬೇಕಾಗಿಲ್ಲ.

ಲಿಂಗಸುಗೂರು ಅಮ್ಮ
ಅಕ್ಕಾ, ಜೋಳದ ರೊಟ್ಟಿ ಆಗಬಹುದಾ ಹಾಗಾದರೆ?

ಕುಷ್ಟಗಿ ನರ್ಸಕ್ಕ
ಆಗಬಹುದು, ಲೆಕ್ಕ ಇಟ್ಟು. ಜೋಳದಲ್ಲೂ ಪಿಷ್ಟ ಇದೆ, ಆದರೆ ನಾರಿನಂಶ ಬಿಳಿ ಅನ್ನಕ್ಕಿಂತ ಜಾಸ್ತಿ. ಎಷ್ಟು ಅನ್ನೋದನ್ನು ನಿಮ್ಮ ಡಾಕ್ಟರ ಹತ್ತಿರ ಕೇಳಿ, ಮಾತ್ರೆ ನೋಡಿ ಹೇಳುತ್ತಾರೆ.

ಬಳ್ಳಾರಿ ಬಿಸಿಲು
‘ವಾಡಿಕೆ ಮಳೆ’ ಸೇರಿಸಿ. ಹವಾಮಾನ ಇಲಾಖೆ ಮುಂಗಾರಿಗೆ ‘ವಾಡಿಕೆ’ ಅಂದರೆ ಇಡೀ ದೇಶದ ಸರಾಸರಿ ಲೆಕ್ಕ. 1971ರಿಂದ 2020ರವರೆಗಿನ ಸರಾಸರಿ 87 ಸೆಂಟಿಮೀಟರ್. ಅದರ ಶೇ 96ರಿಂದ 104ರೊಳಗೆ ಬಂದರೆ ವಾಡಿಕೆ. ನಮ್ಮೂರ ಹೊಲದಲ್ಲಿ ಹಾಗೆ ಬೀಳುತ್ತೆ ಅಂತ ಅದರ ಅರ್ಥ ಅಲ್ಲವೇ ಅಲ್ಲ. ಒಂದು ವರ್ಷ ನಮ್ಮಲ್ಲಿ ಮೃಗಶಿರ, ಆರಿದ್ರಾ ಎರಡೂ ಒಣಗಿದವು, ಆಮೇಲೆ ಒಂದೇ ವಾರದಲ್ಲಿ ಸುರಿದು ಬಿತ್ತಿದ್ದು ಕೊಚ್ಚಿ ಹೋಯಿತು. ಕೂಡಿಸಿ ನೋಡಿದರೆ ವಾಡಿಕೆಗೆ ಹತ್ತಿರ! ಪತ್ರಿಕೆಯಲ್ಲಿ ‘ವಾಡಿಕೆ ಮಳೆ’ ಅಂತ ನೋಡಿ ನಮ್ಮ ದೊಡ್ಡಪ್ಪ ಪೇಪರ್ ಮಡಚಿ ಇಟ್ಟುಬಿಟ್ಟರು. ಸರಾಸರಿ ಅನ್ನೋದು ಮಳೆ ಎಷ್ಟು ಅಂತ ಹೇಳುತ್ತೆ, ಯಾವಾಗ ಅಂತ ಹೇಳಲ್ಲ. ಹೊಲಕ್ಕೆ ಬೇಕಾದ್ದು ಎರಡೂ.

ತುಂಗೆ ದಂಡೆ
ನೀರಿನ ಲೆಕ್ಕದಲ್ಲೂ ಹೀಗೇ. ಡ್ಯಾಂ ತುಂಬಿದಾಗ “ದಿನಕ್ಕೆ ಒಂದು ಲಕ್ಷ ಕ್ಯೂಸೆಕ್ ನೀರು ಬಿಟ್ಟರು” ಅಂತ ಎಲ್ಲರೂ ಹೇಳುತ್ತೇವೆ.

ಕಾರಟಗಿ ಭತ್ತದವ
ಅದರಲ್ಲಿ ತಪ್ಪೇನು ಅಣ್ಣಾ?

ತುಂಗೆ ದಂಡೆ
‘ದಿನಕ್ಕೆ’ ಅನ್ನೋದು. ಕ್ಯೂಸೆಕ್ ಅಂದರೇ ಒಂದು ಸೆಕೆಂಡಿಗೆ ಒಂದು ಘನ ಅಡಿ, ಹತ್ತಿರ ಹತ್ತಿರ 28 ಲೀಟರ್. ಹರಿಯುವ ವೇಗದ ಲೆಕ್ಕ ಅದು. ಟಿಎಂಸಿ ಅಂದರೆ ನಿಂತ ನೀರಿನ ಲೆಕ್ಕ, ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯೂಸೆಕ್ ಇಡೀ ದಿನ ಹರಿದರೆ 8.64 ಟಿಎಂಸಿ ಆಗುತ್ತೆ. 11,574 ಕ್ಯೂಸೆಕ್ ಒಂದು ದಿನ ಹರಿದರೆ ಸರಿಯಾಗಿ ಒಂದು ಟಿಎಂಸಿ. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಪೇಪರಿನ ಯಾವ ಸುದ್ದಿ ಓದಿದರೂ ನೀವೇ ತಾಳೆ ನೋಡಬಹುದು. ಕಾಲುವೆ ನೀರು ನಂಬಿದವರು ನಾವು, ನಮಗೇ ಗೊತ್ತಿಲ್ಲದಿದ್ದರೆ ಹೇಗೆ?

ಕಾರಟಗಿ ಭತ್ತದವ
ಬರೆದಿಟ್ಟುಕೊಂಡೆ.

ತುಂಗೆ ದಂಡೆ
ಡ್ಯಾಂ ಮಾತು ಬಂತಲ್ಲ, ಒಂದು ಸಂಗತಿ ಹೇಳಲೇಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿ ಹೋಯಿತು. ಆ ರಾತ್ರಿ ನನ್ನ ಫೋನಿಗೆ ಬಂದ ಮೆಸೇಜುಗಳು ಇನ್ನೂ ಇವೆ. ಮೊದಲನೆಯದು: “ಡ್ಯಾಂ ಗೇಟ್ ಹೋಗಿದೆಯಂತೆ.” ಸ್ವಲ್ಪ ಹೊತ್ತಿಗೆ ಇನ್ನೊಂದು ಗುಂಪಿನಲ್ಲಿ: “ಡ್ಯಾಂ ಹೋಗಿದೆಯಂತೆ.” ಬೆಳಗಿನ ಜಾವ: “ಡ್ಯಾಂ ಹೋಗಿದೆ.”

ನೋಡಿ, ಮೊದಲು ‘ಗೇಟ್’ ಬಿತ್ತು. ಆಮೇಲೆ ‘ಅಂತೆ’ ಬಿತ್ತು. ಎರಡು ಪದ ಹೋಗಿದ್ದಕ್ಕೆ ನಮ್ಮ ಅತ್ತೆ ನದಿ ದಂಡೆಯ ಊರಲ್ಲಿ ನಡುರಾತ್ರಿ ದನ ಬಿಚ್ಚಿಕೊಂಡು ಗುಡ್ಡ ಹತ್ತಿದರು. ಎಚ್ಚರಿಕೆ ಬೇಕಿತ್ತು, ನದಿಗೆ ಇಳಿಯಬೇಡಿ ಅಂತ ಹೇಳಬೇಕಿತ್ತು, ಇಲ್ಲ ಅನ್ನಲ್ಲ. ಆದರೆ ಗೇಟು ಹೋಗುವುದಕ್ಕೂ ಡ್ಯಾಂ ಹೋಗುವುದಕ್ಕೂ ಅಜಗಜಾಂತರ.

ಜೀವಶಾಸ್ತ್ರ ಕೊಪ್ಪಳ
ಇದು ಈ ಚರ್ಚೆಯಲ್ಲಿ ನನಗೆ ಬಹಳ ಮುಖ್ಯ ಅನಿಸಿದ ಮಾತು. ‘ಅಂತೆ’ ನಮ್ಮ ಭಾಷೆ ನಮಗೆ ಪುಕ್ಕಟೆ ಕೊಟ್ಟ ಸಲಕರಣೆ. “ಮಳೆ ಬಂತು” ಅಂದರೆ ನಾನು ನೋಡಿದೆ. “ಮಳೆ ಬಂತಂತೆ” ಅಂದರೆ ಯಾರೋ ಹೇಳಿದರು. “ಮಳೆ ಬಂದಿರಬೇಕು” ಅಂದರೆ ಅಂಗಳ ಒದ್ದೆ ಇದೆ, ನಾನು ಊಹಿಸುತ್ತಿದ್ದೇನೆ. “ಬಂದಿರಬಹುದು” ಅಂದರೆ ಅಷ್ಟೂ ಗಟ್ಟಿ ಇಲ್ಲ. ನಾಲ್ಕು ವಾಕ್ಯ, ನಾಲ್ಕು ಬಗೆಯ ಸಾಕ್ಷಿ. ಎರಡಕ್ಷರ, ಮೂರಕ್ಷರದಲ್ಲಿ ಕೆಲಸ ಮುಗಿಯುತ್ತೆ. ವಿಜ್ಞಾನ ಮಾಡುವವರು ದಿನವೆಲ್ಲ ಮಾಡೋದು ಇದೇ ವಿಂಗಡಣೆ. ನೋಡಿದ್ದು ಯಾವುದು, ಓದಿದ್ದು ಯಾವುದು, ಊಹಿಸಿದ್ದು ಯಾವುದು.

ನಮ್ಮಜ್ಜಿ ಯಾವ ಸುದ್ದಿ ತಂದರೂ ಮೊದಲು ಕೇಳುತ್ತಿದ್ದದ್ದು ಒಂದೇ: “ನೋಡಿ ಬಂದ್ಯೋ, ಕೇಳಿ ಬಂದ್ಯೋ?” ಶಾಲೆಗೆ ಹೋದವಳಲ್ಲ.

ಮಸ್ಕಿ ಹುಡುಗ
ನಾನು ಒಪ್ಪಲ್ಲ ಮೇಡಂ. ‘ಅಂತೆ’ ಇರೋದರಿಂದಲೇ ಸುಳ್ಳು ಹರಡೋದು ಸುಲಭ. “ನಾನೆಲ್ಲಿ ಹೇಳಿದೆ, ಅಂತೆ ಅಂದೆ ಅಷ್ಟೆ” ಅಂತ ಕೈ ತೊಳೆದುಕೊಳ್ಳಬಹುದು. ಅಂತೆ ಕಂತೆಗಳ ಸಂತೆ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಯಾರು ಹೇಳಿದರು ಅನ್ನೋದನ್ನು ‘ಅಂತೆ’ ಹೇಳೋದೇ ಇಲ್ಲ. ಬರೀ ‘ನಾನಲ್ಲ’ ಅಂತ ಹೇಳುತ್ತೆ.

ಜೀವಶಾಸ್ತ್ರ ಕೊಪ್ಪಳ
ಇದಕ್ಕೆ ಉತ್ತರ ಯೋಚಿಸಬೇಕಾಯ್ತು. ನೀವು ಹೇಳಿದ್ದು ಸರಿ, ‘ಅಂತೆ’ ಅರ್ಧ ಕೆಲಸ ಮಾಡುತ್ತೆ. ಕೇಳಿದ್ದು ಅಂತ ಹೇಳುತ್ತೆ, ಯಾರಿಂದ ಅಂತ ಹೇಳಲ್ಲ. ಆದರೆ ‘ಅಂತೆ’ ಕಿವಿಗೆ ಬಿದ್ದ ಕೂಡಲೇ “ಯಾರು ಹೇಳಿದ್ದು?” ಅಂತ ಕೇಳುವುದು ಕೇಳುವವರ ಪಾಲಿನ ಕೆಲಸ. ‘ಅಂತೆ’ ಬಿದ್ದುಹೋದರೆ ಆ ಪ್ರಶ್ನೆ ಕೇಳಬೇಕು ಅಂತಲೇ ಹೊಳೆಯಲ್ಲ. ಅದಕ್ಕೆ ಇರಲಿ ಅಂತೀನಿ.

ಮಸ್ಕಿ ಹುಡುಗ
ಇಷ್ಟಕ್ಕೆ ಒಪ್ಪಿದೆ.

ನಮ್ಮೂರ ವಿಷಯ ಹೇಳಲೇಬೇಕು ಈಗ. ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅನ್ನೋ ಇಂಗ್ಲಿಷ್ ವಿದ್ವಾಂಸ ಬಿಡಿಸಿ ಓದಿದ. ಆದರೆ ಆಗ ಸಿಕ್ಕಿದ್ದ ಶಾಸನಗಳಲ್ಲಿ ಎಲ್ಲೂ ‘ಅಶೋಕ’ ಅನ್ನೋ ಹೆಸರೇ ಇಲ್ಲ! ‘ದೇವಾನಾಂಪಿಯ ಪಿಯದಸಿ’ ಅಂತ ಬಿರುದು ಮಾತ್ರ. ಪ್ರಿನ್ಸೆಪ್ ಮೊದಲು ಇವನು ಶ್ರೀಲಂಕಾದ ರಾಜ ಇರಬೇಕು ಅಂದುಕೊಂಡ. ಆಮೇಲೆ ಟರ್ನರ್ ಅನ್ನುವವರು ಲಂಕೆಯ ಹಳೆಯ ಗ್ರಂಥದಲ್ಲಿ ಪಿಯದಸಿ ಅಂದರೆ ಅಶೋಕ ಅಂತ ಇದೆ ಎಂದು ತೋರಿಸಿದರು. ಅಲ್ಲಿಂದ ಮುಂದೆ ‘ಪಿಯದಸಿ ಅಶೋಕನೇ ಇರಬೇಕು’. ಇರಬೇಕು, ಅಷ್ಟೆ. 1915ರಲ್ಲಿ ಚಿನ್ನ ಹುಡುಕಲು ಬಂದಿದ್ದ ಬೀಡನ್ ಅನ್ನೋ ಎಂಜಿನಿಯರ್ ಮಸ್ಕಿ ಗುಡ್ಡದಲ್ಲಿ ಬಂಡೆ ನೋಡಿದರು. ಅದರ ಮೇಲೆ ಅಶೋಕ ಅಂತ ಹೆಸರು ಸಮೇತ ಕೆತ್ತಿತ್ತು. ಎಪ್ಪತ್ತೆಂಟು ವರ್ಷದ ‘ಇರಬೇಕು’ ನಮ್ಮೂರ ಬಂಡೆಯ ಮೇಲೆ ‘ಹೌದು’ ಆಯ್ತು.

ಬೆಂಗಳೂರಲ್ಲಿರೋ ಕೊಪ್ಪಳದವ
ನಮ್ಮ ಕೊಪ್ಪಳದಲ್ಲೂ ಎರಡಿವೆ, ಗವಿಮಠದ ಹತ್ತಿರ ಒಂದು, ಪಾಲ್ಕಿಗುಂಡು ಒಂದು. ಅವುಗಳಲ್ಲಿ ಹೆಸರು ಇಲ್ವಾ?

ಮಸ್ಕಿ ಹುಡುಗ
ಅವುಗಳಲ್ಲಿ ಬಿರುದೇ ಇರೋದು. ಹೆಸರು ಇರೋದು ಮಸ್ಕಿ, ಮಧ್ಯಪ್ರದೇಶದ ಗುಜರ್ರಾ, ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳ. ನೋಡೋಕೆ ಬರುವುದಾದರೆ ಬೆಳಿಗ್ಗೆ ಎಂಟರೊಳಗೆ ಬನ್ನಿ ಅಣ್ಣಾ, ಆಮೇಲೆ ಬಂಡೆ ಮುಟ್ಟೋಕಾಗಲ್ಲ, ಅಷ್ಟು ಕಾದಿರುತ್ತೆ.

ಬಳ್ಳಾರಿ ಬಿಸಿಲು
ಕುಡತಿನಿ ಬೂದಿ ದಿಬ್ಬವನ್ನೂ ನೋಡಿ ಹೋಗಿ. ರಾಕ್ಷಸನನ್ನು ಸುಟ್ಟ ಬೂದಿ ಅಂತ ಊರಲ್ಲಿ ಕಥೆ. ಜ್ವಾಲಾಮುಖಿಯದು ಅಂತಲೂ ಹಿಂದೆ ಕೆಲವರು ಊಹಿಸಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅದು ದನದ ಸಗಣಿ ಸುಟ್ಟ ಬೂದಿ ಅಂದರು. ಆಮೇಲೆ ಇಂಥ ದಿಬ್ಬಗಳನ್ನು ಅಗೆದಾಗ, ಬೂದಿ ಪರೀಕ್ಷಿಸಿದಾಗ ಆ ಮಾತೇ ನಿಂತಿತು. ಹೊಸಶಿಲಾಯುಗದ ದನಗಾಹಿಗಳ ಕೆಲಸ. ಸಾವಿರಾರು ವರ್ಷದ ಹಿಂದೆ ಇದೇ ಬಿಸಿಲಲ್ಲಿ ದನ ಕಾಯುತ್ತಿದ್ದವರು! ನನಗಂತೂ ರಾಕ್ಷಸನ ಕಥೆಗಿಂತ ಇದೇ ಮೈ ನವಿರೇಳಿಸುತ್ತೆ.

ಎರಿಭೂಮಿ
ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ನನಗೆ ಸಿಟ್ಟೂ ಬರುತ್ತಿದೆ, ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಶುದ್ಧ ನೀರಿನ ಘಟಕ ಕೆಟ್ಟು ಐದು ತಿಂಗಳಾಯ್ತು. ಜನ ಮತ್ತೆ ಬೋರ್ ನೀರು ಕುಡಿಯುತ್ತಿದ್ದಾರೆ. ಅವರಿಗೆ ‘ಶುದ್ಧ’ ಪದದ ಅರ್ಥ ಗೊತ್ತಿಲ್ಲದೆ ಅಲ್ಲ, ಬೇರೆ ನೀರು ಇಲ್ಲದೆ. ಪದದ ಚರ್ಚೆ ಮಾಡಿದರೆ ಫ್ಲೋರೈಡಿನಿಂದ ಬಂದ ಮೊಣಕಾಲು ನೋವು ಹೋಗುತ್ತಾ?

ಸಿಂಧನೂರು ಮೇಷ್ಟ್ರು
ಹೋಗಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದು. ನಾನು ಅಡಗಿಸಿ ಮಾತಾಡಲ್ಲ.

ನೀರು ಪರೀಕ್ಷೆ ಕೊಪ್ಪಳ
ನಾನು ನೀರಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಎರಿಭೂಮಿಯವರಿಗೆ ಒಂದು ಮಾತು. ಘಟಕ ನಡೆಯುತ್ತಿರುವ ಊರಲ್ಲೂ ಪದದ ತೊಂದರೆ ನೀರಿಗೇ ಬರುತ್ತೆ. ಒಂದು ಊರಲ್ಲಿ ಘಟಕದ ಮೆಂಬ್ರೇನ್ (ನೀರು ಸೋಸುವ ಪೊರೆ) ಬಹಳ ದಿನದಿಂದ ಬದಲಿಸಿರಲಿಲ್ಲ. ಜನ ಕೇಳಿದಾಗ ನಡೆಸುವವನು ಟಿಡಿಎಸ್ ಮೀಟರ್ ಅದ್ದಿ ತೋರಿಸಿದ. “ನೋಡಿ, 300 ಇದೆ, ಒಳ್ಳೆ ನೀರು.” ಜನ ಒಪ್ಪಿ ಹೋದರು.

ಟಿಡಿಎಸ್ ಅಂದರೆ ಕರಗಿರುವ ಎಲ್ಲ ಲವಣಗಳ ಒಟ್ಟು ಅಂದಾಜು. ಅದರಲ್ಲಿ ಫ್ಲೋರೈಡ್ ಎಷ್ಟು ಅಂತ ಆ ಮೀಟರ್ ಹೇಳಲಾರದು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. 300ರಲ್ಲಿ ಒಂದೂವರೆಯೋ ಮೂರೋ ಅನ್ನೋದು ಆ ಮೀಟರಿಗೆ ಹೇಗೆ ಗೊತ್ತಾಗಬೇಕು? ಆ ಊರಲ್ಲಿ ಒಬ್ಬರಾದರೂ “ಇದು ಯಾವುದನ್ನು ಅಳೆಯುತ್ತೆ?” ಅಂತ ಕೇಳಿದ್ದರೆ ಮೆಂಬ್ರೇನ್ ಬೇಗ ಬದಲಾಗುತ್ತಿತ್ತು.

ಇನ್ನೊಂದು ಪದ ‘ಸಿಹಿನೀರು’. “ನಮ್ಮ ಬೋರು ಸಿಹಿನೀರು ಸರ್, ಫ್ಲೋರೈಡ್ ಇರಲ್ಲ” ಅಂತಾರೆ. ಸಿಹಿನೀರು ಅಂದರೆ ಉಪ್ಪಿಲ್ಲ ಅಂತ ಅಷ್ಟೆ. ಕುಡಿಯುವ ನೀರಿನಲ್ಲಿ ಇರುವ ಪ್ರಮಾಣದ ಫ್ಲೋರೈಡಿಗೆ ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ನಾಲಿಗೆ ನಂಬಬೇಡಿ.

ಎರಿಭೂಮಿ
ಟಿಡಿಎಸ್ ಮೀಟರ್ ನಮ್ಮೂರಲ್ಲೂ ಹೀಗೇ ತೋರಿಸುತ್ತಿದ್ದರು. ಇದು ನನಗೆ ಹೊಳೆದಿರಲಿಲ್ಲ. ಪಂಚಾಯಿತಿಗೆ ಅರ್ಜಿ ಬರೆಯುವಾಗ ‘ಶುದ್ಧ ನೀರು ಕೊಡಿ’ ಅಂತ ಬರೆದಿದ್ದೆವು. ಏನಂತ ಬರೆಯಬೇಕು ಹೇಳಿ.

ನೀರು ಪರೀಕ್ಷೆ ಕೊಪ್ಪಳ
“ಘಟಕದ ನೀರಿನ ಫ್ಲೋರೈಡ್ ಪ್ರಮಾಣ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಪರೀಕ್ಷೆಯ ವರದಿಯನ್ನು ಘಟಕದ ಗೋಡೆಗೆ ದಿನಾಂಕ ಸಮೇತ ಅಂಟಿಸಬೇಕು” ಅಂತ ಬರೆಯಿರಿ. ಶುದ್ಧ ಅಂದರೆ ಯಾರಾದರೂ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದು. ಅಂಕಿ ಬರೆದರೆ ಆಗಲ್ಲ.

ಜೀವಶಾಸ್ತ್ರ ಕೊಪ್ಪಳ
ನನ್ನ ಪಟ್ಟಿಯ ಒಂದು ಪದ ಸೇರಿಸಿ ಮಲಗುತ್ತೇನೆ: ‘ವಿಕಾಸ’. ಕನ್ನಡದಲ್ಲಿ ವಿಕಾಸ ಅಂದರೆ ಅರಳುವುದು, ಮೇಲೇರುವುದು. ಹಾಗಾಗಿ ಮಕ್ಕಳು ಜೀವವಿಕಾಸ ಅಂದರೆ ಒಂದೊಂದೇ ಮೆಟ್ಟಿಲು ಹತ್ತಿ ಮನುಷ್ಯ ಆಗೋದು ಅಂತ ತಿಳಿಯುತ್ತಾರೆ. ಗುಹೆಯಲ್ಲಿರುವ ಮೀನು ಕಣ್ಣು ಕಳೆದುಕೊಳ್ಳುವುದೂ ವಿಕಾಸವೇ ಅಂದರೆ ಗೊಂದಲ. ಡಾರ್ವಿನ್ನನ 1859ರ ಪುಸ್ತಕದ ಮೊದಲ ಮುದ್ರಣದಲ್ಲಿ ‘ಎವಲ್ಯೂಷನ್’ ಅನ್ನೋ ಪದವೇ ಇಲ್ಲ. ‘ಬದಲಾವಣೆಯೊಂದಿಗೆ ವಂಶ ಮುಂದುವರಿಯುವುದು’ ಅನ್ನೋ ಅರ್ಥದ ಮಾತು ಅವನದು. ನನಗೆ ಅದೇ ಹೆಚ್ಚು ಸರಿ ಅನಿಸುತ್ತೆ.

‘ಸಿದ್ಧಾಂತ’ವೂ ಹಾಗೇ. ರಾಜಕೀಯದವರದೂ ಸಿದ್ಧಾಂತ, ಡಾರ್ವಿನ್ನನದೂ ಸಿದ್ಧಾಂತ. “ಅದು ಅವರ ಸಿದ್ಧಾಂತ, ಇದು ನಮ್ಮದು” ಅಂತ ಹುಡುಗರು ವಾದ ಮಾಡುತ್ತಾರೆ. ಸಾಕ್ಷಿ ಮುಂದೆ ಇಟ್ಟು ಎಲ್ಲರೂ ತಿಕ್ಕಿ ನೋಡಿದ್ದು ಒಂದು, ನಂಬಿ ಹಿಡಿದದ್ದು ಇನ್ನೊಂದು. ಎರಡಕ್ಕೂ ಒಂದೇ ಪದ.

ಬೆಂಗಳೂರಲ್ಲಿರೋ ಕೊಪ್ಪಳದವ
ಮೇಲೆ ಇಂಗ್ಲಿಷಿನಲ್ಲೇ ಕಲಿಸಬೇಕು ಅಂದಿದ್ದೆ. ಪೂರ್ತಿ ಬಿಟ್ಟುಕೊಟ್ಟಿಲ್ಲ, ಮುಂದೆ ಓದಲು ಇಂಗ್ಲಿಷ್ ಬೇಕೇ ಬೇಕು. ಆದರೆ ನನಗೆ ಬಲ, ಶಕ್ತಿ ಅರ್ಥ ಆಗದ್ದು ಕನ್ನಡದಿಂದಲ್ಲ, ಯಾರೂ ಕೂರಿಸಿಕೊಂಡು ಬೇರೆ ಮಾಡಿ ತೋರಿಸಲಿಲ್ಲ ಅದಕ್ಕೆ. ಇದನ್ನು ಒಪ್ಪುತ್ತೇನೆ. ರಾತ್ರಿ ಮಗಳಿಗೆ ಅನ್ನ ಅಗಿಯುವ ಪ್ರಯೋಗ ಮಾಡಿಸಿದೆ. ನಾನೂ ಮಾಡಿದೆ.

ಲಿಂಗಸುಗೂರು ಅಮ್ಮ
ಲ್ಯಾಬಿನ ಸರ್, ನಮ್ಮ ಮನೆಯ ಬೋರ್ ನೀರು ಪರೀಕ್ಷೆ ಮಾಡಿಸಬೇಕು. ಎಲ್ಲಿಗೆ ಒಯ್ಯಬೇಕು? ಗಾಜಿನ ಬಾಟಲಿ ಇದೆ.

ನೀರು ಪರೀಕ್ಷೆ ಕೊಪ್ಪಳ
ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬ್ ಇರುತ್ತೆ ಅಮ್ಮಾ, ಪಂಚಾಯಿತಿಯಲ್ಲಿ ವಿಚಾರಿಸಿ. ಗಾಜು ಬೇಡ, ಫ್ಲೋರೈಡ್ ಪರೀಕ್ಷೆಗೆ ಪ್ಲಾಸ್ಟಿಕ್ ಬಾಟಲಿಯೇ ಬೇಕು. ಒಂದು ಲೀಟರಿನದು ತಗೊಳ್ಳಿ. ಅದೇ ಬೋರ್ ನೀರಿನಲ್ಲಿ ಎರಡು ಮೂರು ಸಲ ಗಲಬರಿಸಿ ಚೆಲ್ಲಿ, ಆಮೇಲೆ ತುಂಬಿ. ಮೋಟಾರ್ ಹಾಕಿ ಐದು ನಿಮಿಷ ಬಿಟ್ಟು ಹಿಡಿಯಿರಿ. ಬಾಟಲಿ ಮೇಲೆ ಊರು, ಬೋರ್ ಎಲ್ಲಿದೆ, ಯಾವತ್ತು ತುಂಬಿದ್ದು, ಮೂರೂ ಬರೆಯಿರಿ.

ಲಿಂಗಸುಗೂರು ಅಮ್ಮ
ಸೋಮವಾರ ಮಗನ ಕೈಲಿ ಕಳಿಸುತ್ತೇನೆ. ಕಾಯಿಸದ ನೀರೇ ತುಂಬಬೇಕಲ್ಲ?

ನೀರು ಪರೀಕ್ಷೆ ಕೊಪ್ಪಳ
ಹೌದಮ್ಮಾ, ಕಾಯಿಸದ್ದು.